ಒಬ್ಬಳಿಗಾಗುವಷ್ಟು ಅಡುಗೆ

ನನಗೆ ಒಬ್ಬಳಿಗಾಗುವಷ್ಟು ಅಡುಗೆ ಮಾಡಲು ಬರುವುದಿಲ್ಲ. ಮನೆಯಲ್ಲಿರುವುದು ನಾನೊಬ್ಬಳೇ, ಒಲೆಯ ಮೇಲೆ ಕೂರುವುದು ಮಾತ್ರ ಎಂಟು ಜನರ ಪಾತ್ರೆ. ಇವತ್ತು ಮಾಡಿದ ಹುರುಳಿಕಾಳಿನ ಸಾರು ನಾಳೆಗೂ ಆಗುತ್ತದೆ, ನಾಡಿದ್ದಿಗೂ ಆಗುತ್ತದೆ. ಪಕ್ಕದ ಮನೆಯವರು ಇದನ್ನು ಜಿಪುಣತನ ಎಂದುಕೊಂಡಿದ್ದಾರೆ. ಎಂದುಕೊಳ್ಳಲಿ ಬಿಡಿ. ಇಷ್ಟು ವರ್ಷ ಪ್ರಯತ್ನಪಟ್ಟು ಸೋತಿದ್ದೇನೆ, ಇನ್ನು ಅವರಿಗೆ ಸಮಜಾಯಿಷಿ ಕೊಡುವ ತಾಳ್ಮೆ ನನಗಿಲ್ಲ.

ನಾನು ಬೆಳೆದದ್ದು ಮಾಗಡಿ ಊರಾಚೆ ಇದ್ದ ಒಂದು ಅನಾಥ ಹೆಣ್ಣುಮಕ್ಕಳ ಮಂದಿರದಲ್ಲಿ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಹುಟ್ಟಿದ್ದು ಉಯ್ಯಂಬಳ್ಳಿ ಕಡೆ, ಕುರಿ ಸಾಕುವವರ ಮನೆಯಲ್ಲಿ. ಅವ್ವ ಸತ್ತ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಸೋದರಮಾವ ಐದು ವರ್ಷದ ನನ್ನನ್ನು ಎರಡು ಬಸ್ಸು ಬದಲಿಸಿ ಕರೆತಂದು ಮಂದಿರದಲ್ಲಿ ಬಿಟ್ಟುಹೋದ. ಅವನು ಕೆಟ್ಟವನಲ್ಲ. ಹೋಗುವಾಗ ನನ್ನ ಕೈಗೆ ಎರಡು ಬಾಳೆಹಣ್ಣು ಕೊಟ್ಟಿದ್ದ. ಒಂದನ್ನು ತಿಂದೆ, ಇನ್ನೊಂದನ್ನು ಅವನು ಬಂದಾಗ ಕೊಡೋಣವೆಂದು ಇಟ್ಟುಕೊಂಡೆ. ಅದು ಕೊಳೆತು ದಿಂಬಿಗೆಲ್ಲ ಅಂಟಿಕೊಂಡಾಗ ದೊಡ್ಡಮ್ಮನಿಂದ ಮೊದಲ ಏಟು ತಿಂದೆ.

ದೊಡ್ಡಮ್ಮ ಎಂದರೆ ಮಂದಿರದ ಮೇಲ್ವಿಚಾರಕಿ. ಕಬ್ಬಾಳಿನವಳು. ಮದುವೆಯಾಗಿ ಎರಡು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಹೊಟ್ಟೆಪಾಡಿಗೆಂದು ಈ ಕೆಲಸಕ್ಕೆ ಸೇರಿದವಳು. ನಾವು ನಲವತ್ತು ಜನ ಹುಡುಗಿಯರೂ ಅವಳನ್ನು ದೊಡ್ಡಮ್ಮ ಎಂದು ಕರೆದು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಮುದ್ದು ಮಾಡುವ ಪೈಕಿ ಅಲ್ಲ ಅವಳು. ನಲವತ್ತು ತಲೆಗೆ ಹೇನು ನೋಡುವಷ್ಟರಲ್ಲೇ ಅವಳ ಭಾನುವಾರ ಮುಗಿದುಹೋಗುತ್ತಿತ್ತು.

ಹನ್ನೆರಡು ತುಂಬಿದವರಿಗೆ ಸರದಿಯ ಮೇಲೆ ಅಡುಗೆಮನೆ ಕೆಲಸ. ಹೀಗಾಗಿ ನನ್ನ ಕೈ ಅಡುಗೆ ಕಲಿತದ್ದೇ ನಲವತ್ತು ಜನರ ಅಳತೆಯಲ್ಲಿ. ಸಾರಿನ ಕೊಳದಪ್ಪಲೆಗೆ ಉಪ್ಪು ಒಂದು ಬೊಗಸೆ, ಹುಣಿಸೆಹಣ್ಣು ತೆಂಗಿನಕಾಯಿ ಗಾತ್ರದ್ದು. ಮುದ್ದೆಗೆ ಹಿಟ್ಟು ತೊಳಸುವಾಗ ಒಬ್ಬಳು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿಯಬೇಕು, ಇನ್ನೊಬ್ಬಳು ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಬೇಕು. ಒಬ್ಬಳೇ ಮಾಡುವ ಕೆಲಸ ಎನ್ನುವುದು ಆ ಅಡುಗೆಮನೆಯಲ್ಲಿ ಇರಲೇ ಇಲ್ಲ.

ಊಟಕ್ಕೆ ಒಂದು ಕಟ್ಟಳೆ ಇತ್ತು. ಬಡಿಸುವ ಸರದಿಯವಳು ಕೊನೆಯ ತಟ್ಟೆಗೂ ಬಡಿಸಿದ ಮೇಲೆ, ‘ಎಲ್ಲಾರ್ಗೂ ಬಂತಾ?’ ಎಂದು ಕೂಗಬೇಕು. ಸಾಲಾಗಿ ಕೂತವರೆಲ್ಲ ‘ಬಂತು’ ಎನ್ನಬೇಕು. ಅಲ್ಲಿಯವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಹಿಂದೊಮ್ಮೆ ಮೂಲೆಯಲ್ಲಿ ಕೂತಿದ್ದ ಒಂದು ಸಣ್ಣ ಹುಡುಗಿಗೆ ಬಡಿಸುವುದನ್ನೇ ಮರೆತು, ಅದು ಬಾಯಿಬಿಟ್ಟು ಕೇಳದೆ ಹಸಿದೇ ಮಲಗಿತ್ತಂತೆ. ಅವತ್ತು ದೊಡ್ಡಮ್ಮ ಮಾಡಿದ ಕಟ್ಟಳೆ ಅದು. ಮಾಡಿದ್ದನ್ನು ಚೆಲ್ಲಿದರೆ ಮೊಣಕಾಲೂರಿ ನಿಲ್ಲಬೇಕು ಎನ್ನುವುದು ಇನ್ನೊಂದು. ನಾನು ಎರಡನೆಯದನ್ನು ಮುರಿದು ಬೇಕಾದಷ್ಟು ಸಲ ನಿಂತಿದ್ದೇನೆ. ಮೊದಲನೆಯದನ್ನು ಮುರಿಯಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಹತ್ತನೆಯ ತರಗತಿ ಮುಗಿಸಿದ ಹುಡುಗಿಯ ಮುಂದಿನ ದಾರಿ ಏನು ಎನ್ನುವುದಕ್ಕೆ ಮಂದಿರದ ಬಳಿ ಒಂದೇ ಉತ್ತರವಿತ್ತು, ಮದುವೆ. ಹದಿನಾರಕ್ಕೆ ಗಂಡು ನೋಡಿಟ್ಟು ಹದಿನೆಂಟಕ್ಕೆ ಕೊಟ್ಟುಬಿಡುವುದು. ವರದಕ್ಷಿಣೆ ಬೇಡ, ಹೆಣ್ಣು ಕೊಟ್ಟರೆ ಸಾಕು ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಕಾಗದಗಳು ಬರುತ್ತಿದ್ದವು. ಬರೆಯುತ್ತಿದ್ದವರು ಹೆಂಡತಿ ಸತ್ತವರು, ವಯಸ್ಸು ಮೀರಿದವರು, ಊರಲ್ಲಿ ಯಾರೂ ಹೆಣ್ಣು ಕೊಡದವರು. ಭಾನುವಾರ ಬೆಳಿಗ್ಗೆ ಬಂದು ಹಜಾರದ ಬೆಂಚಿನ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬ ಹುಡುಗಿಯೂ ಕಾಫಿ ಲೋಟ ಹಿಡಿದು ಅವರ ಮುಂದೆ ಹೋಗಬೇಕು. ಕಾರ್ಯದರ್ಶಿಗಳು ಕೆಟ್ಟ ಉದ್ದೇಶದಿಂದ ಮಾಡುತ್ತಿದ್ದರೆಂದು ನಾನು ಹೇಳಲಾರೆ. ನಮಗೊಂದು ನೆಲೆ ಆಗಲಿ ಎಂದೇ ಅವರ ಮನಸ್ಸಿನಲ್ಲಿತ್ತು.

ನನಗಿಂತ ಎರಡು ವರ್ಷ ದೊಡ್ಡವಳಾದ ಗೆಳತಿಯನ್ನು ಕುದೂರಿನ ಕಡೆಗೆ ಕೊಟ್ಟರು. ಅವಳು ಒಮ್ಮೆ ನಮ್ಮನ್ನು ನೋಡಲು ಬಂದಳು. ಗಂಡ ಗೇಟಿನ ಹತ್ತಿರ ಸೈಕಲ್ಲು ಹಿಡಿದು ನಿಂತೇ ಇದ್ದ, ಹಾಗಾಗಿ ಅವಳೂ ಕೂರಲಿಲ್ಲ. ‘ಹೆಂಗಿದ್ದೀಯೆ?’ ಎಂದು ಕೇಳಿದೆ. ‘ಊಟಕ್ಕೇನೂ ಕಮ್ಮಿ ಇಲ್ಲ’ ಅಂದಳು. ನಾನು ಕೇಳಿದ್ದು ಅದನ್ನಲ್ಲ. ಅವಳು ಹೋದ ಮೇಲೆ ನೇರವಾಗಿ ಅಡುಗೆಮನೆಗೆ ಹೋಗಿ ದೊಡ್ಡಮ್ಮನಿಗೆ ಹೇಳಿದೆ: ‘ನಾನು ಆ ಬೆಂಚಿನ ಮುಂದ್ಕೆ ಹೋಗಾಕಿಲ್ಲ. ಬಲವಂತ ಮಾಡಿದ್ರೆ ಕಾಫಿನ ಅವ್ನ ತಲೆ ಮ್ಯಾಲೆ ಸುರೀತೀನಿ.’

ದೊಡ್ಡಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ. ‘ಸುರುದ್ಬುಟ್ಟು ಆಮೇಕೆ ಏನ್ ಮಾಡ್ತೀಯೆ? ಮೊದ್ಲು ಅದ್ನ ಹೇಳು.’

ಉತ್ತರ ಹುಡುಕಿದವಳು ಅವಳೇ. ಯಾರಿಗೂ ಹೇಳದೆ ಮೂರು ಸಲ ಬಸ್ಸು ಹತ್ತಿ ರಾಮನಗರ, ಚನ್ನಪಟ್ಟಣ ಸುತ್ತಿ ಬಂದಳು. ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಮಾಡುವುದನ್ನು ಕಲಿಸುವ ತರಬೇತಿ ಕೇಂದ್ರವಿತ್ತು. ಒಂದೂವರೆ ವರ್ಷ ಮರ ಕಡೆಯುವ ಲೇತಿನ ಕೆಲಸ, ಕೊನೆಗೊಂದು ಪರೀಕ್ಷೆ, ಪಾಸಾದವರಿಗೆ ಅಲ್ಲೇ ಸುತ್ತಮುತ್ತ ಕೆಲಸ ಸಿಗುತ್ತಿತ್ತು. ಹಾಸ್ಟೆಲ್ ಇರಲಿಲ್ಲ. ಹುಡುಗಿ ಒಬ್ಬಳೇ ರೂಮು ಮಾಡಿಕೊಂಡು ಇರಬೇಕು ಎಂದು ಕೇಳಿದ ಕೂಡಲೇ ಕಾರ್ಯದರ್ಶಿಗಳು ಆಗುವುದಿಲ್ಲ ಎಂದರು. ದೊಡ್ಡಮ್ಮ ಕಾರ್ಯದರ್ಶಿಗಳ ಮನೆಯ ಜಗುಲಿಯ ಮೇಲೆ ಎರಡು ದಿನ ಹೋಗಿ ಕೂತಳು. ಕೊನೆಗೆ ಅವರು ನನ್ನನ್ನು ಕರೆಸಿ ಹೇಳಿದ್ದು ಇಷ್ಟು: ‘ಒಂದೇ ಒಂದು ಕಂಪ್ಲೇಂಟ್ ಬಂದರೆ ಅವತ್ತೇ ವಾಪಸ್ಸು. ಆಮೇಲೆ ನಾವು ತೋರಿಸಿದ ಗಂಡು. ಒಪ್ಪಿಗೆಯಾ?’ ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ‘ಒಪ್ಪಿಗೆ’ ಎಂದುಬಿಟ್ಟಳು.

ಚನ್ನಪಟ್ಟಣದಲ್ಲಿ ಲೇತಿನ ಕೆಲಸದವರೊಬ್ಬರ ಮನೆಯ ಹಿಂಬದಿಗೆ ಅಂಟಿಕೊಂಡ ಕೋಣೆ. ಗೋಡೆಯಾಚೆ ಅವರ ಅಡುಗೆಮನೆ. ಮನೆಯಾಕೆ ನಲವತ್ತು ದಾಟಿದವಳು, ಅವಳನ್ನು ಅಕ್ಕ ಎಂದು ಕರೆದೆ. ಬಾಗಿಲ ಬೀಗದಕೈ ಕೊಡುವ ಮೊದಲೇ ಎಚ್ಚರಿಕೆ ಕೊಟ್ಟಳು: ‘ಹೊರಗ್ನೋರು ಯಾರೂ ಒಳಕ್ಕೆ ಬರಂಗಿಲ್ಲ ಕಣವ್ವ. ಬಂದಿದ್ ಗೊತ್ತಾದ್ರೆ ನಿನ್ ಟ್ರಂಕು ಬೀದೀಗೆ.’

‘ನನ್ನ ನೋಡಾಕೆ ಯಾರವ್ರೆ ಬರಾಕೆ?’ ಅಂದೆ. ಕೊಬ್ಬಿನಿಂದ ಹೇಳಿದ್ದಲ್ಲ, ಇದ್ದದ್ದೇ ಹಾಗೆ. ಅವಳು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ದೊಡ್ಡಮ್ಮ ನನಗೆಂದು ತಂದಿದ್ದು ಒಂದು ಸೀಮೆಎಣ್ಣೆ ಸ್ಟೌ, ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟ. ಅವನ್ನೆಲ್ಲ ಗೋಡೆಯ ಬದಿಗೆ ಜೋಡಿಸಿದ ಮೇಲೆ ಕೋಣೆ ಇನ್ನೂ ಖಾಲಿ ಕಂಡಿತು. ಬಸ್ ನಿಲ್ದಾಣದವರೆಗೆ ಅವಳ ಜೊತೆ ಹೋದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಕೇಳಿದೆ: ‘ದೊಡ್ಡಮ್ಮ, ಒಬ್ಳಿಗೆ ಅಂದ್ರೆ ಎಷ್ಟ್ ಅಕ್ಕಿ ಹಾಕ್ಬೇಕು?’ ಅವಳಿಗೆ ಕೇಳಿಸಿತು ಎಂದು ನನಗೆ ಗೊತ್ತು. ಒಂದು ಸಲ ತಿರುಗಿ ನೋಡಿದಳು, ‘ಬತ್ತೀನಿ ಕಣೆ, ಹುಸಾರು’ ಎಂದಳು, ಒಳಗೆ ಹೋಗಿ ಆ ಕಡೆಯ ಕಿಟಕಿಗೆ ಕೂತಳು. ಆ ಸಿಟ್ಟು ನನ್ನಲ್ಲಿ ವರ್ಷಗಟ್ಟಲೆ ಇತ್ತು. ಹೇನು ತೆಗೆಯುವುದರಿಂದ ಹಿಡಿದು ರವಿಕೆ ಹೊಲಿಯುವವರೆಗೆ ಎಲ್ಲ ಕಲಿಸಿದವಳು, ಕೇಳಿದ ಒಂದೇ ಒಂದನ್ನು ಹೇಳದೆ ಹೋದಳಲ್ಲ ಎಂದು.

ಮೊದಲ ಸಂಜೆ ಸ್ಟೌ ಹೊತ್ತಿಸಿ ಕೂತೆ. ಲೆಕ್ಕದಲ್ಲಿ ನಾನು ಚುರುಕು. ಒಂದು ಬೊಗಸೆ ಉಪ್ಪನ್ನು ಪೇಪರಿನ ಮೇಲೆ ಸುರಿದು ನಲವತ್ತು ಪಾಲು ಮಾಡಲು ಹೊರಟೆ. ಹತ್ತನೆಯ ಪಾಲಿನ ಹೊತ್ತಿಗೆ ರೇಗಿಹೋಗಿ ಎಲ್ಲವನ್ನೂ ಡಬ್ಬಕ್ಕೆ ಸುರಿದೆ. ಅಂದಾಜಿನ ಮೇಲೆ ಮಾಡಿದ ಸಾರು ಬಾಯಿಗಿಡುವಂತಿರಲಿಲ್ಲ. ಮುದ್ದೆಯದಂತೂ ಕೇಳಲೇಬೇಡಿ. ಪಾತ್ರೆ ಅದುಮಿ ಹಿಡಿಯಲು ಇನ್ನೊಬ್ಬಳಿಲ್ಲದೆ, ನಾನು ಕೋಲು ತಿರುವಿದರೆ ಪಾತ್ರೆಯೂ ಅದರ ಜೊತೆಗೇ ತಿರುಗಿತು. ಗಂಟುಗಂಟಾದ ಆ ಹಿಟ್ಟನ್ನೇ ತಟ್ಟೆಗೆ ಹಾಕಿಕೊಂಡೆ.

ತಿನ್ನಲಾಗಲಿಲ್ಲ. ಕೆಟ್ಟ ಅಡುಗೆ ಎಂದಲ್ಲ. ತಟ್ಟೆಯ ಮುಂದೆ ಕೂತರೆ ಕೈ ಮುಂದಕ್ಕೆ ಹೋಗಲೊಲ್ಲದು. ಯಾರಾದರೂ ಕೂಗಬೇಕಲ್ಲ. ಹನ್ನೊಂದು ವರ್ಷ ಆ ಕೂಗು ಕೇಳದೆ ತುತ್ತು ಎತ್ತಿದವಳಲ್ಲ ನಾನು. ಹೊಟ್ಟೆ ಚುರುಗುಟ್ಟುತ್ತಿದೆ, ಕೈ ತೊಡೆಯ ಮೇಲೆಯೇ ಇದೆ. ಕೊನೆಗೆ ಗೋಡೆಯ ಕಡೆ ನೋಡುತ್ತಾ, ‘ಎಲ್ಲಾರ್ಗೂ ಬಂತಾ?’ ಎಂದೆ. ಒಂದು ಗಳಿಗೆ ಬಿಟ್ಟು, ಬೇರೆ ದನಿಯಲ್ಲಿ ನಾನೇ ‘ಬಂತು’ ಎಂದೆ. ಆಮೇಲೆ ಉಂಡೆ. ಉಣ್ಣುತ್ತಾ ಅಳು ಬಂತು. ಪ್ರಪಂಚದಲ್ಲಿ ನನಗೆ ಯಾರೂ ಇಲ್ಲ ಎನ್ನುವುದು ಅಲ್ಲಿಯವರೆಗೆ ಬರೀ ಮಂದಿರದ ಅರ್ಜಿಯಲ್ಲಿ ಬರೆದ ಮಾತಾಗಿತ್ತು. ಅವತ್ತು ಅದು ನಿಜವಾಗಿ ಅರ್ಥವಾಯಿತು.

ತರಬೇತಿ ಕೇಂದ್ರದಲ್ಲಿ ನನ್ನ ಜೊತೆ ಆರು ಹುಡುಗಿಯರಿದ್ದರು, ಎಲ್ಲರೂ ಊರಿನವರು. ಕಲಿಸುತ್ತಿದ್ದ ಮೇಷ್ಟ್ರಿಗೆ ವಯಸ್ಸಾಗಿತ್ತು, ಮೈಕೈಯೆಲ್ಲ ಮರದ ಹೊಟ್ಟು. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ನನ್ನದು ಯಾವಾಗಲೂ ಅರಗು ಜಾಸ್ತಿ. ‘ಒಸಿ ಸಾಕು ಕಣವ್ವ,’ ಎನ್ನುತ್ತಿದ್ದರು ಮೇಷ್ಟ್ರು, ‘ಊರಿಗೆಲ್ಲ ಬಳಿಯಂಗೆ ಒತ್ತಬ್ಯಾಡ, ಇರೋದು ಒಂದು ಬುಗುರಿ.’

ಮಧ್ಯಾಹ್ನದ ಬಿಡುವಿನಲ್ಲಿ ಆ ಹುಡುಗಿಯರು ಮನೆಯ ಸುದ್ದಿ ತೆಗೆಯುತ್ತಿದ್ದರು. ಅಮ್ಮ ಹೀಗಂದಳು, ಅಣ್ಣ ಹಾಗಂದ, ಅತ್ತಿಗೆ ಮುಖ ಊದಿಸಿಕೊಂಡಳು. ನನ್ನ ಸರದಿ ಬರುವ ಹೊತ್ತಿಗೆ ನಾನು ಎದ್ದು ಉಳಿ ಮಸೆಯಲು ಹೋಗುತ್ತಿದ್ದೆ. ಇಡೀ ಕೇಂದ್ರದಲ್ಲಿ ನನ್ನಷ್ಟು ಹರಿತವಾದ ಉಳಿ ಯಾರ ಬಳಿಯೂ ಇರಲಿಲ್ಲ.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ದೊಡ್ಡ ಪಾತ್ರೆಯನ್ನು ಕೇಳಿ ತಂದೆ. ಎಂಟು ಜನರಿಗಾಗುವಷ್ಟು ನೀರು ಕಾಣಿಸಿದ ಕೂಡಲೇ ಕೈಗೆ ಧೈರ್ಯ ಬಂತು. ಉಪ್ಪು, ಖಾರ, ಹುಳಿ ತಾವಾಗಿಯೇ ಹದಕ್ಕೆ ಬಿದ್ದವು. ನಾಲಿಗೆಗಿಟ್ಟರೆ ಮಂದಿರದ ಸಾರು! ಅವತ್ತಿನಿಂದ ಎಂಟು ಜನರ ಅಡುಗೆಯೇ ಆಯಿತು. ಚೆಲ್ಲುವ ಹಾಗಿಲ್ಲ, ಮೊಣಕಾಲು ನೆನಪಾಗುತ್ತದೆ. ಎರಡು ದಿನ, ಮೂರು ದಿನ ಕುದಿಸಿ ಕುದಿಸಿ ಅದನ್ನೇ ತಿಂದೆ. ಅದರ ಜೊತೆಗೆ ಕೂಗೂ ಬೆಳೆಯಿತು. ‘ಎಲ್ಲಾರ್ಗೂ ಬಂತಾ?’ ‘ಬಂತು.’ ‘ಲೇ, ನಿಂಗೆ ಇನ್ನೊಸಿ ಸಾರು?’ ‘ಬ್ಯಾಡ ಕಣಕ್ಕ.’ ‘ಮೂಲೇಲಿರೋಳು ಯಾಕೆ ಮಾತಾಡಾಕಿಲ್ಲ?’ ಸಣ್ಣವರಿಗೆ ಸಣ್ಣ ದನಿ, ದೊಡ್ಡವರಿಗೆ ದಪ್ಪ ದನಿ. ಹಗಲೆಲ್ಲ ಯಾರ ಹತ್ತಿರವೂ ನಾಲ್ಕು ಮಾತಾಡದವಳು ಸಂಜೆ ಆರೂವರೆಗೆ ಒಂದು ಪಂಕ್ತಿಯನ್ನೇ ಕೂರಿಸಿಕೊಳ್ಳುತ್ತಿದ್ದೆ. ಹುಚ್ಚು ಹಿಡಿಯುತ್ತಿದೆಯೇನೋ ಎಂದು ನನಗೇ ಹೆದರಿಕೆಯಾಗುತ್ತಿತ್ತು. ಆದರೆ ಬಿಡಲಾಗಲಿಲ್ಲ.

ಗೋಡೆಯಾಚೆ ಅಕ್ಕ ಇದ್ದಳಲ್ಲ, ಅದು ನನ್ನ ತಲೆಗೆ ಬರಲೇ ಇಲ್ಲ. ನಲವತ್ತು ಜನರ ನಡುವೆ ಬೆಳೆದವಳಿಗೆ, ಗೋಡೆಯಾಚೆ ಇರುವವರು ಕಿವಿಗೊಡುತ್ತಾರೆ ಎಂದು ಗೊತ್ತಿರುವುದಿಲ್ಲ. ಅವಳು ದನಿಗಳನ್ನು ಕೇಳಿಸಿಕೊಂಡಳು, ತಾನು ಕೊಟ್ಟ ಪಾತ್ರೆ ತುಂಬ ಸಾರು ಕುದಿಯುವುದನ್ನೂ ನೋಡಿದಳು. ಒಂದಕ್ಕೊಂದು ಕೂಡಿಸಿದಳು. ಯಾರಿಂದಲೋ ಒಂದು ಕಾರ್ಡು ಬರೆಸಿ ಕಾರ್ಯದರ್ಶಿಗಳಿಗೆ ಹಾಕಿದಳು.

ನಾಲ್ಕನೆಯ ತಿಂಗಳು. ಸಂಜೆ ಕೇಂದ್ರದಿಂದ ಬಂದು ಆಗತಾನೇ ಸಾರು ಇಳಿಸಿದ್ದೆ, ಹೊರಗಿನ್ನೂ ಬಿಸಿಲಿತ್ತು. ಬಾಗಿಲಲ್ಲಿ ಕಾರ್ಯದರ್ಶಿಗಳು, ಅವರ ಹಿಂದೆ ದೊಡ್ಡಮ್ಮ, ಅವಳ ಹಿಂದೆ ಸೆರಗಿನಲ್ಲಿ ಕೈ ಒರೆಸುತ್ತಾ ಅಕ್ಕ. ಕಾರ್ಯದರ್ಶಿಗಳು ಬಾಗಿಲ ಹಿಂದೆ ನೋಡಿದರು, ಹಿತ್ತಲಿಗೆ ಹೋಗಿ ಬಂದರು.

‘ಯಾರು ಬರ್ತಾರೆ ಇಲ್ಲಿಗೆ?’

‘ಯಾರೂ ಇಲ್ಲ.’

‘ಸುಳ್ಳು ಸ್ವಾಮಿ,’ ಎಂದಳು ಅಕ್ಕ. ‘ಕಿವಿಯಾರ ಕೇಳಿವ್ನಿ. ದಿನಾ ಸಂಜೆ ಎರಡ್ ಮೂರು ದನಿ. ಒಬ್ಳೇ ಹುಡ್ಗಿಗೆ ಈಪಾಟಿ ಪಾತ್ರೆ ತುಂಬ ಸಾರು ಯಾಕೆ ನೀವೇ ಹೇಳಿ? ಯಾರ್ಗೋ ಉಣ್ಣಾಕಿಕ್ತಾವ್ಳೆ.’

‘ದನಿ ಯಾರದು ಹೇಳು,’ ಎಂದರು ಕಾರ್ಯದರ್ಶಿಗಳು.

ನನ್ನವೇ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಕೆಟ್ಟವಳು ಅನ್ನಿಸಿಕೊಂಡೇನು, ಗೋಡೆಯ ಜೊತೆ ಮಾತಾಡುತ್ತಾ ಉಣ್ಣುವವಳು ಅನ್ನಿಸಿಕೊಳ್ಳಲಾರೆ ಎನ್ನಿಸಿತು. ಹದಿನಾರರ ಮಾನ ಅಂಥದ್ದು. ಭಾನುವಾರದ ಬೆಂಚು ಕಣ್ಣ ಮುಂದೆ ಬಂತು, ಗೇಟಿನ ಹತ್ತಿರದ ಸೈಕಲ್ಲು ಬಂತು, ಆದರೂ ಬಾಯಿ ಬರಲಿಲ್ಲ. ‘ಟ್ರಂಕ್ ತಗೋ’ ಎಂದರು ಅವರು. ಮೂಲೆಯಿಂದ ಟ್ರಂಕನ್ನು ದರದರ ಎಳೆದು ಬಟ್ಟೆ ತುಂಬಲು ಶುರುಮಾಡಿದೆ. ‘ಕಳಿಸ್ರಿ, ನಂಗೇನು’ ಎಂದು ಬೇರೆ ಹೇಳಿದೆ.

ದೊಡ್ಡಮ್ಮ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು. ಸೌಟಿನಿಂದ ಅಂಗೈಗೆ ಒಂದಿಷ್ಟು ಸಾರು ಸುರಿದುಕೊಂಡು ನೆಕ್ಕಿದಳು. ಪಾತ್ರೆಯನ್ನು ನೋಡಿದಳು, ಗೋಡೆಯ ಬದಿಗೆ ತೊಳೆದಿಟ್ಟಿದ್ದ ಒಂದೇ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

‘ಅಕ್ಕೋರೇ, ಒಂದ್ ಮೂರು ತಟ್ಟೆ ಕೊಡಿ. ಬುದ್ಧಿ, ನೀವೂ ಕೂತ್ಕಳಿ. ಬಸ್ಸಿನ್ನೂ ತಡ ಐತೆ, ಉಂಡು ಹೋಗನ.’

ಕಾರ್ಯದರ್ಶಿಗಳು ಬೇಡ ಎಂದರೂ ಅವಳು ಕೇಳಲಿಲ್ಲ. ಅವರು ಗೊಣಗುತ್ತಾ ಕೂತರು. ಏನು ನಡೆಯುತ್ತಿದೆಯೆಂದು ತಿಳಿಯದೆ ಅಕ್ಕನೂ ಬಾಗಿಲ ಬಳಿ ಕೂತಳು. ನಾನು ಅನ್ನ ಬಡಿಸಿದೆ, ಸಾರು ಬಡಿಸಿದೆ. ಹಸಿದಿದ್ದ ಕಾರ್ಯದರ್ಶಿಗಳು ತಟ್ಟೆಗೆ ಕೈ ಹಾಕಲು ಹೋದರು. ‘ಒಸಿ ತಡೀರಿ ಬುದ್ಧಿ’ ಎಂದು ದೊಡ್ಡಮ್ಮ ತಡೆದಳು. ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತಳು. ಅನ್ನದ ಹಬೆ ಏಳುತ್ತಿತ್ತು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಅವಳು ಬಿಡುವವಳಲ್ಲ. ನಾನು ಕೂಗದಿದ್ದರೆ ಬೆಳಗಿನವರೆಗೂ ಹಾಗೇ ಕೂರುವ ಹೆಂಗಸು.

‘ಎಲ್ಲಾರ್ಗೂ ಬಂತಾ?’ ಎಂದೆ.

‘ಬಂತು’ ಎಂದಳು ದೊಡ್ಡಮ್ಮ, ಗಟ್ಟಿಯಾಗಿ.

ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡಳು. ಅವಳು ನಾಲ್ಕು ತಿಂಗಳು ಗೋಡೆಯಾಚೆ ಕೇಳಿದ್ದ ಮಾತು ಅದೇ. ‘ಇದೇ... ಇದೇ ಸ್ವಾಮಿ... ಅಯ್ಯೋ, ಇವ್ಳೇ ಎಲ್ಲಾ...’ ಎಂದು ಅರ್ಧಕ್ಕೇ ನಿಲ್ಲಿಸಿದಳು. ಕಾರ್ಯದರ್ಶಿಗಳಿಗೆ ಮಂದಿರದ ಊಟದ ಕಟ್ಟಳೆ ಗೊತ್ತಿತ್ತು. ಅವರು ತಲೆ ತಗ್ಗಿಸಿ ಊಟ ಮಾಡಿದರು. ಎರಡನೆಯ ಸಲ ಸಾರು ಹಾಕಿಸಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಟ್ರಂಕ್ ಒಳಗಿಡಮ್ಮ’ ಎಂದಷ್ಟೇ ಹೇಳಿದರು. ಆ ‘ಅಮ್ಮ’ ಎನ್ನುವುದು ಅಲ್ಲಿಯವರೆಗೆ ಅವರ ಬಾಯಲ್ಲಿ ಇರಲಿಲ್ಲ.

ಗೆದ್ದೆ ಎಂದು ಹಿಗ್ಗಬೇಕಾದ ನಾನು ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಕೂಗಲಿಲ್ಲ. ತಟ್ಟೆ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ, ಔಷಧಿ ಕುಡಿದ ಹಾಗೆ ಗಬಗಬ ನುಂಗಿ ಎದ್ದುಬಿಡುತ್ತಿದ್ದೆ. ನಿಜವಾದ ಒಂಟಿತನ ಶುರುವಾದದ್ದು ಆಗ. ಮೊದಲು ಪಂಕ್ತಿಯಾದರೂ ಇತ್ತು, ಈಗ ಅದನ್ನೂ ಎಬ್ಬಿಸಿ ಕಳಿಸಿದ ಹಾಗಾಗಿತ್ತು. ಹದಿನೈದು ದಿನ ಹೀಗೆ ನಡೆದಿರಬೇಕು. ಒಂದು ಸಂಜೆ ಗೋಡೆಯಾಚೆಯಿಂದ ಅಕ್ಕನ ದನಿ ಬಂತು: ‘ಬಂತೇನವ್ವಾ?’

ಗೇಲಿ ಮಾಡುತ್ತಿದ್ದಾಳೆ ಎಂದು ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡಲಿಲ್ಲ. ಮಾರನೆಯ ಸಂಜೆ ಮತ್ತೆ: ‘ಬಂತೇನವ್ವಾ?’ ಕೊಡಲಿಲ್ಲ. ಮೂರನೆಯ ಸಂಜೆ ಅವಳು ಕೇಳಿದ ಮೇಲೆ ಗೋಡೆಯಾಚೆ ಏನೂ ಸದ್ದಾಗಲಿಲ್ಲ, ತಟ್ಟೆಯ ಸದ್ದೂ ಇಲ್ಲ. ನಾನು ಹೇಳುವವರೆಗೆ ಅವಳೂ ಉಣ್ಣದೆ ಕೂತಿದ್ದಾಳೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ‘ಬಂತು ಕಣಕ್ಕ’ ಎಂದೆ. ‘ಹೂಂ, ಉಣ್ಣು’ ಎಂದಳು. ನಾನು ಆ ಕೋಣೆ ಬಿಡುವವರೆಗೂ ಇದು ತಪ್ಪಲಿಲ್ಲ. ಎದುರೆದುರು ಸಿಕ್ಕಾಗ ಮಾತ್ರ ಅವಳು ಅದರ ಸುದ್ದಿ ಎತ್ತುತ್ತಿರಲಿಲ್ಲ, ಮೊದಲಿನ ಹಾಗೆಯೇ ನೀರು ಜಾಸ್ತಿ ಖರ್ಚು ಮಾಡುತ್ತೀಯ ಎಂದು ಬೈಯುತ್ತಿದ್ದಳು.

ಪರೀಕ್ಷೆ ಪಾಸಾದೆ. ಕೊನೆಯ ವಾರ ಅರಗು ಹದವಾಗಿ ಹಿಡಿಯುವುದೂ ಬಂತು. ಉಳಿದ ಮರದ ತುಂಡಿನಲ್ಲಿ ಹೆಬ್ಬೆರಳ ಗಾತ್ರದ ಒಂದು ಪಾತ್ರೆ, ಅದಕ್ಕೊಂದು ಮುಚ್ಚಳ ಮಾಡಿ, ಕೆಂಪು ಬಣ್ಣ ಹಾಕಿ ದೊಡ್ಡಮ್ಮನಿಗೆ ಕಳಿಸಿದೆ. ಜೊತೆಗೆ ಚೀಟಿ ಬರೆಯಲಿಲ್ಲ, ಸಿಟ್ಟು ಇನ್ನೂ ಇತ್ತು. ಕೆಲಸ ಸಿಕ್ಕಿತು, ಮುಂದೆ ಅದೇ ಬಗೆಯ ಇನ್ನೊಂದು ಕೇಂದ್ರದಲ್ಲಿ ಕಲಿಸುವವಳಾದೆ. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಬೆಂಚಿನ ಮೇಲೆ ಕೂತವರು ಎಷ್ಟೇ ಒಳ್ಳೆಯವರಾದರೂ ನನಗೆ ಮೊದಲು ಕಾಣುತ್ತಿದ್ದದ್ದು ಬೆಂಚು.

ಮಂದಿರಗಳಿಂದ ಹದಿನಾರು ದಾಟಿದ ಹುಡುಗಿಯರು ಈಗಲೂ ನಮ್ಮ ಕೇಂದ್ರಕ್ಕೆ ಬರುತ್ತಾರೆ, ವರ್ಷಕ್ಕೆ ಒಬ್ಬಳೋ ಇಬ್ಬರೋ. ಕಾಗದಪತ್ರ, ಅರ್ಜಿ, ಸಹಿ, ಅವಕ್ಕೆಲ್ಲ ಈಗ ಜನ ಇದ್ದಾರೆ. ನಾನು ಮಾಡುವುದು ಒಂದೇ ಕೆಲಸ. ಅವರು ರೂಮು ಸೇರಿದ ಮೊದಲ ಸಂಜೆ ಅರ್ಧ ಪಾವಿನ ಅಳತೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಬಾಗಿಲು ತಟ್ಟುತ್ತೇನೆ. ಒಬ್ಬಳಿಗೆ ಅಕ್ಕಿ ಇಷ್ಟು, ಬೇಳೆ ಇಷ್ಟು, ಉಪ್ಪು ಇಷ್ಟು ಎಂದು ತೋರಿಸಿಕೊಡುತ್ತೇನೆ. ಅಕ್ಕನನ್ನು ಕೇಳಿ ಕಲಿತ ಲೆಕ್ಕ ಅದು. ಹೇಳಲು ಬರುತ್ತದೆ, ನನ್ನ ಕೈಗೆ ಬರುವುದಿಲ್ಲ. ಹೋದ ವರ್ಷ ಬಂದ ಕನಕಪುರದ ಕಡೆಯ ಹುಡುಗಿ ನಮ್ಮ ಮನೆಯಲ್ಲಿ ಉಂಡು, ‘ಮಿಸ್, ನಿಮ್ ಸಾರು ಮದ್ವೆ ಮನೆ ಸಾರು ಇದ್ದಂಗೈತೆ, ಜನ ಎಲ್ಲಿ?’ ಎಂದು ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಆ ಪ್ರಶ್ನೆ ಮನೆಯಲ್ಲೇ ಉಳಿಯಿತು.

ದೊಡ್ಡಮ್ಮನನ್ನು ಕೊನೆಯದಾಗಿ ನೋಡಿದ್ದು ಅವಳು ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷವಾದ ಮೇಲೆ. ಕಬ್ಬಾಳಿನಲ್ಲಿ ತಮ್ಮನ ಮನೆಯ ಪಕ್ಕ ಒಂದು ಕೋಣೆ ಕೊಟ್ಟಿದ್ದರು, ಒಲೆ ಬೇರೆ. ಸಾತನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಹೋದೆ. ದಾರಿಯುದ್ದಕ್ಕೂ ಹಳೆಯ ಸಿಟ್ಟನ್ನು ಕೆದಕಿಕೊಂಡೇ ಕೂತಿದ್ದೆ. ಈ ಸಲ ಕೇಳಿಯೇಬಿಡಬೇಕು ಎಂದು. ನಡುಮಧ್ಯಾಹ್ನ, ಬೆಟ್ಟದ ಬಂಡೆ ಕಾಯ್ದು ಝಳ ಹೊಡೆಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಅವಳು ಕುಗ್ಗಿಹೋಗಿದ್ದಳು. ಮೂರು ಕಲ್ಲಿನ ಒಲೆಯ ಮೇಲೆ, ಒಲೆಯನ್ನೇ ಮುಚ್ಚುವಷ್ಟು ದೊಡ್ಡದೊಂದು ಪಾತ್ರೆ ಕುದಿಯುತ್ತಿತ್ತು.

‘ಯಾರ್ಗೆ ದೊಡ್ಡಮ್ಮ ಇಷ್ಟೊಂದು? ನೆಂಟ್ರು ಬತ್ತಾರಾ?’

‘ಯಾವ್ ನೆಂಟ್ರು? ದಿನಾ ಇಷ್ಟೇಯ. ಮಿಕ್ಕಿದ್ದು ತಮ್ಮನ ಮನೆ ಎಮ್ಮೆಗೆ. ಎಮ್ಮೆ ದಪ್ಪ ಆಗೈತೆ, ನಾನು ಸಣ್ಣ ಆಗಿವ್ನಿ.’

ನನಗೆ ತಡೆಯಲಾಗಲಿಲ್ಲ. ‘ಅವತ್ತು ಬಸ್ಸಿನ ಹತ್ರ ಕೇಳ್ದೆ, ಒಬ್ಳಿಗೆ ಎಷ್ಟ್ ಹಾಕ್ಬೇಕು ಅಂತ. ಒಂದ್ ಮಾತು ಹೇಳ್ದೆ ಹೋದೆಯಲ್ಲ. ಎಷ್ಟ್ ಒದ್ದಾಡ್ದೆ ಗೊತ್ತಾ?’

ಅವಳು ಸೌಟು ಕೆಳಗಿಟ್ಟು ನನ್ನನ್ನು ನೋಡಿದಳು. ‘ನಂಗೆ ಬಂದಿದ್ರಲ್ವೇನೇ ನಿಂಗೆ ಹೇಳ್ಕೊಡೋದು?’ ಎಂದಳು. ‘ಇಪ್ಪತ್ತೆರಡು ವರ್ಸಕ್ಕೆ ಮಂದಿರಕ್ಕೆ ಬಂದೋಳು. ಒಬ್ಳಿಗೇ ಅಂತ ನಾನು ಯಾವತ್ತು ಮಾಡಿದ್ದೆ?’

ಗೂಡಿನಲ್ಲಿ ನಾನು ಕಳಿಸಿದ್ದ ಕೆಂಪು ಪಾತ್ರೆ ಇತ್ತು, ಮುಚ್ಚಳ ಸಮೇತ. ಅವಳು ಅದರ ಕಡೆ ಕೈ ತೋರಿಸಿ, ‘ಒಬ್ಳಿಗಾಗೋ ಪಾತ್ರೆ ಅಂತ ನನ್ ತಾವ ಇರೋದು ಅದೊಂದೇ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಹೊತ್ತು ತಿರುಗಿದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವಳ ಪಕ್ಕದಲ್ಲಿ ಕೂತೆ.

ಅವಳು ಎರಡು ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ಎದುರುಬದುರು ಕೂತೆವು. ಇಬ್ಬರ ಕೈಯೂ ತೊಡೆಯ ಮೇಲೆಯೇ ಇತ್ತು. ಬಡಿಸಿದವಳು ತಾನೇ ಆದರೂ ಅವಳು ಸುಮ್ಮನೆ ಕೂತಿದ್ದಳು. ಮಂದಿರದಲ್ಲಿ ಆ ಮಾತನ್ನು ಕೂಗುತ್ತಿದ್ದವರು ಹುಡುಗಿಯರೇ ಹೊರತು ಅವಳಲ್ಲ. ಈ ಒಂದು ವರ್ಷ ಇಲ್ಲಿ ಅದನ್ನು ಕೂಗಿದವರು ಯಾರು, ಹೇಗೆ ಉಂಡಳು ಎಂದು ನಾನು ಕೇಳಲಿಲ್ಲ. ಸಾರು ಆರುತ್ತಿತ್ತು. ‘ಎಲ್ಲಾರ್ಗೂ ಬಂತಾ?’ ಎಂದೆ.

‘ಬಂತು’ ಎಂದಳು ದೊಡ್ಡಮ್ಮ, ಮತ್ತು ಮುದ್ದೆ ಮುರಿದಳು.